ಪಾರ್ಕ್ ಕಟ್ಟುವ ಗುತ್ತಿಗೆದಾರನನ್ನು ನಗರಗಳು ಹೇಗೆ ಆರಿಸುತ್ತವೆ?

ಹೊಸ ಪಾರ್ಕ್ ಉದ್ಘಾಟನೆಯಾಗಿ ಎರಡು ವರ್ಷವಾದ ಮೇಲೆ ಅಲ್ಲಿ ನೆಟ್ಟ ಒಂದು ಗಿಡದ ಬುಡವನ್ನು ಬಗ್ಗಿ ನೋಡಿ. ಕಾಂಡ ನೆಲ ಮುಟ್ಟುವ ಕಡೆ ಸ್ವಲ್ಪ ಅಗಲವಾಗಿ, ಬೇರು ಶುರುವಾಗುವ ಉಬ್ಬು ಕಾಣಬೇಕು. ಅದು ಕಾಣದೆ ಕಾಂಡ ಕಂಬ ಹುಗಿದ ಹಾಗೆ ನೇರವಾಗಿ ಮಣ್ಣಿಗೆ ಇಳಿದಿದ್ದರೆ ಗಿಡವನ್ನು ಬೇಕಾದ್ದಕ್ಕಿಂತ ಆಳಕ್ಕೆ ನೆಟ್ಟಿದ್ದಾರೆ ಎಂದು ಅರ್ಥ. ಆಸರೆ ಕೋಲಿಗೆ ಕಟ್ಟಿದ ಹಗ್ಗವನ್ನು ಯಾರೂ ಬಿಚ್ಚದೆ ಅದು ತೊಗಟೆಯೊಳಗೆ ಕಚ್ಚಿಕೊಂಡಿರುವುದೂ ಉಂಟು. ಪಕ್ಕದಲ್ಲೇ ಕಲ್ಲು ಹಾಸಿದ ದಾರಿ ಮಾತ್ರ ಮೊದಲ ದಿನದ ಹಾಗೇ ಗಟ್ಟಿಯಾಗಿರುತ್ತದೆ.

ಒಬ್ಬನೇ ಗುತ್ತಿಗೆದಾರ, ಒಂದೇ ಜಾಗ. ದಾರಿ ಉಳಿಯಿತು, ಗಿಡ ಸೊರಗಿತು. ಯಾಕೆ? ಬಹಳ ಸಲ ಉತ್ತರ ಟೆಂಡರ್ ಕಾಗದದಲ್ಲೇ ಸಿಗುತ್ತದೆ. ದಾರಿಯ ಬಗ್ಗೆ ಅಲ್ಲಿ ಅರ್ಧ ಪುಟ ಬರೆದಿರುತ್ತಾರೆ. ಕಲ್ಲು ಎಷ್ಟು ದಪ್ಪ, ಕೆಳಗೆ ಎಷ್ಟು ಜಲ್ಲಿ, ಎಷ್ಟು ಸಲ ರೋಲರ್ ಓಡಬೇಕು, ಎಲ್ಲ ಇರುತ್ತದೆ. ಗಿಡದ ಬಗ್ಗೆ ಒಂದೇ ಸಾಲು: ‘ಗಿಡ ನೆಡುವುದು, 400 ಸಂಖ್ಯೆ.’

ಗುತ್ತಿಗೆದಾರನ ಆಯ್ಕೆ ಅಂದ ತಕ್ಷಣ ನಮಗೆ ನೆನಪಾಗುವುದು ಬಿಡ್ ತೆರೆಯುವ ದಿನ. ಯಾರು ಎಷ್ಟಕ್ಕೆ ಹಾಕಿದರು, ಯಾರದು ಕಡಿಮೆ ಬಂತು ಎಂಬ ಕುತೂಹಲ. ಆದರೆ ಆ ದಿನ ಬರುವ ಹೊತ್ತಿಗೆ ಆಯ್ಕೆ ಅರ್ಧಕ್ಕಿಂತ ಜಾಸ್ತಿ ಮುಗಿದೇ ಹೋಗಿರುತ್ತದೆ. ಯಾರು ಬಿಡ್ ಹಾಕಬಹುದು, ಯಾವುದಕ್ಕೆ ಅಂಕ, ಯಾವುದಕ್ಕೆ ದುಡ್ಡು ಎಂಬುದನ್ನೆಲ್ಲ ತಿಂಗಳುಗಳ ಹಿಂದೆಯೇ ಯಾರೋ ಮೇಜಿನ ಮುಂದೆ ಕೂತು ಬರೆದಿರುತ್ತಾರೆ. ಪಾರ್ಕ್‌ನ ಹಣೆಬರಹ ಬರೆಯುವುದು ಅಲ್ಲಿ.

ನಕ್ಷೆ ಬರೆಯುವವರು ಒಬ್ಬರು, ಕಟ್ಟುವವರು ಇನ್ನೊಬ್ಬರು

ಪಾರ್ಕ್ ಕೆಲಸದಲ್ಲಿ ಆಯ್ಕೆ ಎರಡು ಸಲ ನಡೆಯುತ್ತದೆ. ಮೊದಲು ವಿನ್ಯಾಸ ಮಾಡುವವರು, ಆಮೇಲೆ ಕಟ್ಟುವವರು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ.

ವಿನ್ಯಾಸಕ್ಕೆ ಸ್ಪರ್ಧೆ ಏರ್ಪಡಿಸುವುದು ಹಳೆಯ ದಾರಿ. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ಗೆ 1857ರಲ್ಲಿ ಸ್ಪರ್ಧೆ ಕರೆದಾಗ 33 ನಕ್ಷೆಗಳು ಬಂದವು. 1858ರಲ್ಲಿ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಅವರ ನಕ್ಷೆ ಗೆದ್ದಿತು. ಪ್ಯಾರಿಸ್‌ನ ಪಾರ್ಕ್ ದ ಲಾ ವಿಲೆಟ್‌ಗೆ 1982ರಲ್ಲಿ ಕರೆದ ಸ್ಪರ್ಧೆಗೆ 470ಕ್ಕೂ ಹೆಚ್ಚು ನಕ್ಷೆಗಳು ಬಂದು, ಬರ್ನಾರ್ಡ್ ಚುಮಿ ಗೆದ್ದರು. ಸ್ಪರ್ಧೆ ಇಲ್ಲದ ಕಡೆ ಅರ್ಹತೆ ನೋಡಿ ಆರಿಸುತ್ತಾರೆ. ಅಮೆರಿಕದ ಕೇಂದ್ರ ಸರ್ಕಾರಕ್ಕೆ 1972ರಿಂದ ಇದಕ್ಕೆಂದೇ ಬ್ರೂಕ್ಸ್ ಕಾಯ್ದೆ ಇದೆ. ವಾಸ್ತುಶಿಲ್ಪಿ ಅಥವಾ ಎಂಜಿನಿಯರನ್ನು ಮೊದಲು ಸಾಮರ್ಥ್ಯದ ಮೇಲೆ ಆರಿಸಬೇಕು, ಫೀಸಿನ ಮಾತು ಆಮೇಲೆ. ವಿನ್ಯಾಸದ ಫೀಸು ಒಟ್ಟು ಖರ್ಚಿನಲ್ಲಿ ಚಿಕ್ಕ ಪಾಲು. ಅಲ್ಲಿ ಉಳಿಸಲು ಹೋಗಿ ಅರೆಬರೆ ನಕ್ಷೆ ತಂದರೆ ಕಟ್ಟುವಾಗ ಅದರ ಎಷ್ಟೋ ಪಟ್ಟು ಕಳೆದುಕೊಳ್ಳುತ್ತೇವೆ.

ಅಂದಹಾಗೆ, ಸೆಂಟ್ರಲ್ ಪಾರ್ಕ್‌ನ ಕೆಲಸದ ಬಹುಪಾಲು ಗುತ್ತಿಗೆಗೆ ಹೋಗಲೇ ಇಲ್ಲ. ಪಾರ್ಕ್‌ನ ಆಡಳಿತ ಮಂಡಳಿಯೇ ಸಾವಿರಾರು ಕೂಲಿಕಾರರನ್ನು ನೇರವಾಗಿ ಕೆಲಸಕ್ಕೆ ತೆಗೆದುಕೊಂಡು ಮಾಡಿಸಿತು. ಇವತ್ತಿಗೂ ಕೆಲವು ನಗರಗಳು ಸಣ್ಣಪುಟ್ಟ ಪಾರ್ಕ್ ಕೆಲಸವನ್ನು ಸ್ವಂತ ಸಿಬ್ಬಂದಿಯಿಂದ ಮಾಡಿಸುತ್ತವೆ. ಇನ್ನು ಕೆಲವು ಕಡೆ ವಿನ್ಯಾಸ ಮತ್ತು ನಿರ್ಮಾಣ ಎರಡನ್ನೂ ಒಬ್ಬರಿಗೇ ವಹಿಸುತ್ತಾರೆ. ಇದರಲ್ಲಿ ಕೆಲಸ ಬೇಗ ಮುಗಿಯುತ್ತದೆ, ಏನೇ ಎಡವಟ್ಟಾದರೂ ಕೇಳಲು ಒಬ್ಬರೇ ಇರುತ್ತಾರೆ. ಆದರೆ ಕಟ್ಟುವವರ ತಪ್ಪನ್ನು ನಗರದ ಪರವಾಗಿ ಹಿಡಿಯುವ ಸ್ವತಂತ್ರ ಕಣ್ಣು ಇಲ್ಲವಾಗುತ್ತದೆ. ಜಾಸ್ತಿ ಬಳಕೆಯಲ್ಲಿರುವುದು ನಕ್ಷೆ ಪೂರ್ತಿ ಮುಗಿಸಿ, ಕಟ್ಟುವುದಕ್ಕೆ ಬೇರೆ ಟೆಂಡರ್ ಕರೆಯುವ ಪದ್ಧತಿ. ಮುಂದೆ ಹೇಳುವುದು ಮುಖ್ಯವಾಗಿ ಅದರ ಬಗ್ಗೆ.

ಟೆಂಡರ್ ಕಾಗದದೊಳಗೆ ಏನಿರುತ್ತದೆ

ಟೆಂಡರ್ ದಾಖಲೆ ನೂರಾರು ಪುಟ ಇರಬಹುದು. ಅದರಲ್ಲಿ ಗಮನ ಇಟ್ಟು ನೋಡಬೇಕಾದ್ದು ನಾಲ್ಕೈದು ಕಡೆ ಮಾತ್ರ.

ಮೊದಲನೆಯದು ಅರ್ಹತೆಯ ಷರತ್ತು. ಇಂತಿಷ್ಟು ವರ್ಷದ ಅನುಭವ, ಇಂತಿಷ್ಟು ವಹಿವಾಟು, ಇದೇ ಬಗೆಯ ಇಂತಿಷ್ಟು ಕೆಲಸ ಮುಗಿಸಿರಬೇಕು ಎಂದು ಇಲ್ಲಿ ಬರೆಯುತ್ತಾರೆ. ‘ಇದೇ ಬಗೆಯ’ ಅನ್ನುವ ಮಾತಿನಲ್ಲೇ ಇಡೀ ಆಟ ಇದೆ. ರಸ್ತೆ, ಚರಂಡಿ ಮಾಡಿದವರೂ ಸಾಕು ಎಂದರೆ ಕಾಂಕ್ರೀಟ್ ಬಲ್ಲವರು ಬರುತ್ತಾರೆ, ಮಣ್ಣು ಬಲ್ಲವರು ಬರುವುದು ಖಾತ್ರಿಯಿಲ್ಲ. ಅತಿ ಬಿಗಿಯಾಗಿ, ‘ಇಷ್ಟೇ ಎಕರೆಯ, ಇಂಥದ್ದೇ ಕಾರಂಜಿ ಇರುವ ಮೂರು ಪಾರ್ಕ್ ಕಟ್ಟಿರಬೇಕು’ ಎಂದು ಬರೆದರೆ ಒಬ್ಬರೋ ಇಬ್ಬರೋ ಮಾತ್ರ ಉಳಿಯುತ್ತಾರೆ. ಒಬ್ಬರಿಗಾಗಿ ಅಳತೆ ತೆಗೆದು ಹೊಲಿದ ಷರತ್ತು ಓದುವಾಗಲೇ ಗೊತ್ತಾಗುತ್ತದೆ. ಆ ಕೆಲಸಕ್ಕೆ ಬೇಕೇ ಇಲ್ಲದ ವಿವರ ಅದರಲ್ಲಿ ತುಂಬಿರುತ್ತದೆ. ನನ್ನನ್ನು ಕೇಳಿದರೆ, ಪಾರ್ಕ್‌ಗೆ ಸರಿಯಾದ ಪ್ರಶ್ನೆ ಬೇರೆಯೇ ಇದೆ: ನೀವು ನೆಟ್ಟು ಎರಡು ವರ್ಷ ನೋಡಿಕೊಂಡ ಗಿಡಗಳು ಎಲ್ಲಿವೆ, ಹೋಗಿ ನೋಡಬಹುದಾ?

ಎರಡನೆಯದು ಕೆಲಸದ ಪಟ್ಟಿ. ಈ ಕ್ಷೇತ್ರದವರು ಇದನ್ನು ಬಿಒಕ್ಯೂ ಅನ್ನುತ್ತಾರೆ. ಮಣ್ಣು ಅಗೆಯುವುದು ಇಷ್ಟು ಘನ ಮೀಟರ್, ಕಲ್ಲು ಹಾಸುವುದು ಇಷ್ಟು ಚದರ ಮೀಟರ್, ಬೆಂಚು ಇಷ್ಟು ಎಂದು ಸಾಲುಸಾಲಾಗಿ ಇರುತ್ತದೆ. ಗುತ್ತಿಗೆದಾರ ಪ್ರತಿ ಸಾಲಿಗೂ ದರ ತುಂಬುತ್ತಾನೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅವನು ದರ ಹಾಕುವುದಿಲ್ಲ. ದರ ಹಾಕದ ಕೆಲಸವನ್ನು ಮಾಡುವುದೂ ಇಲ್ಲ. ಇದು ಅವನ ತಪ್ಪೂ ಅಲ್ಲ.

ಈಗ ಆ 400 ಗಿಡದ ಸಾಲಿಗೆ ಬರೋಣ. ಅದನ್ನು ಸರಿಯಾಗಿ ಬರೆದರೆ ಹೇಗಿರುತ್ತದೆ? ಗುಂಡಿ ಬೇರಿನ ಉಂಡೆಗಿಂತ ಎರಡು ಮೂರು ಪಟ್ಟು ಅಗಲ ಇರಬೇಕು, ಆದರೆ ಉಂಡೆಗಿಂತ ಆಳ ಇರಬಾರದು. ಬೇರಿನ ಉಬ್ಬು ನೆಲದ ಮಟ್ಟಕ್ಕೆ ಕಾಣಬೇಕು. ಕುಂಡದೊಳಗೆ ಸುತ್ತಿಕೊಂಡ ಬೇರು ಇರುವ ಗಿಡವನ್ನು ವಾಪಸ್ ಕಳಿಸಬೇಕು. ಬುಡದ ಸುತ್ತ ಹೊದಿಸುವ ಎಲೆಗೊಬ್ಬರ ಕಾಂಡಕ್ಕೆ ತಾಗಬಾರದು. ಆಸರೆ ಕೋಲನ್ನು ಒಂದು ವರ್ಷಕ್ಕೆ ತೆಗೆಯಬೇಕು. ಎರಡು ವರ್ಷ ನೀರು ಗುತ್ತಿಗೆದಾರನದೇ. ಸತ್ತ ಗಿಡಕ್ಕೆ ಬದಲಿ ಗಿಡ ಮುಂದಿನ ನೆಡುವ ಕಾಲದಲ್ಲಿ ಹಾಕಬೇಕು. ದುಡ್ಡೂ ಹಾಗೆಯೇ ಹಂಚಿಕೆ: ನೆಟ್ಟಾಗ ಒಂದು ಪಾಲು, ವರ್ಷದ ಕೊನೆಗೆ ಬದುಕಿರುವ ಗಿಡ ಎಣಿಸಿ ಒಂದು ಪಾಲು, ಎರಡನೇ ವರ್ಷ ಮತ್ತೆ ಎಣಿಸಿ ಉಳಿದದ್ದು. ಒಂದು ಸಾಲು ಎಂಟು ಹತ್ತು ಸಾಲಾಯಿತು, ಅಷ್ಟೇ. ಆದರೆ ಇದನ್ನು ಓದಿದ ಮೇಲೆ ಗಿಡ ಹುಗಿದು ಓಡಿಹೋಗುವ ಲೆಕ್ಕದಲ್ಲಿ ಇದ್ದವನು ಬಿಡ್ ಹಾಕಲು ಎರಡು ಸಲ ಯೋಚಿಸುತ್ತಾನೆ. ಗಿಡ ಬೆಳೆಸಬಲ್ಲವನಿಗೆ ತನ್ನ ನಿಜವಾದ ಖರ್ಚು ತೋರಿಸಿಯೂ ಗೆಲ್ಲುವ ಧೈರ್ಯ ಬರುತ್ತದೆ. ಆಯ್ಕೆ ಇಲ್ಲೇ ನಡೆಯಿತು, ಅಲ್ವಾ?

ಮಣ್ಣಿನ ವಿಷಯವೂ ಇಂಥದ್ದೇ. ನಿರ್ಮಾಣದ ಸಮಯದಲ್ಲಿ ಲಾರಿ, ಜೆಸಿಬಿ ಓಡಾಡಿ ನೆಲ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮರದ ಹೀರುಬೇರುಗಳು ಹೆಚ್ಚಾಗಿ ಇರುವುದು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲಿ. ಅದು ಗಟ್ಟಿಯಾದರೆ ಗಾಳಿಯೂ ಇಲ್ಲ, ನೀರೂ ಇಳಿಯುವುದಿಲ್ಲ. ಪರೀಕ್ಷೆ ಸುಲಭ. ಮೊಣಕಾಲುದ್ದದ ಗುಂಡಿ ತೋಡಿ, ನೀರು ತುಂಬಿ, ಮಾರನೇ ದಿನ ಬಂದು ನೋಡಬೇಕು. ನೀರು ಹಾಗೇ ನಿಂತಿದ್ದರೆ ಅಲ್ಲಿ ನೆಟ್ಟ ಗಿಡದ ಬೇರು ಕೊಳೆಯುತ್ತದೆ. ‘ಗಿಡ ನೆಡುವ ಜಾಗಕ್ಕೆ ಬೇಲಿ ಹಾಕಿ ವಾಹನ ಬಿಡಬಾರದು, ನೆಡುವ ಮುಂಚೆ ಈ ಪರೀಕ್ಷೆ ಮಾಡಬೇಕು’ ಎಂಬ ಎರಡು ಷರತ್ತು ದಾಖಲೆಯಲ್ಲಿದ್ದರೆ ಸಾಕು, ಬಿಡ್ ಹಾಕುವವರು ಅದರ ಖರ್ಚನ್ನೂ ಸೇರಿಸಿಯೇ ದರ ಬರೆಯುತ್ತಾರೆ. ಮಕ್ಕಳ ಆಟದ ಸಲಕರಣೆಗೆ ಇಷ್ಟು ಬರೆಯುವ ಕಷ್ಟವೂ ಇಲ್ಲ. ಸಲಕರಣೆಗೆ ಇಎನ್ 1176, ಬಿದ್ದರೆ ಪೆಟ್ಟಾಗದ ನೆಲಹಾಸಿಗೆ ಇಎನ್ 1177 ಎಂಬ ಯುರೋಪಿನ ಮಾನದಂಡಗಳು ಸಿದ್ಧವಾಗಿವೆ. ಯಾವ ಮಾನದಂಡ ಎಂದು ಹೆಸರಿಸಿ, ತೆರೆಯುವ ಮುಂಚೆ ತಪಾಸಣೆ ಕಡ್ಡಾಯ ಮಾಡಿದರೆ ಆಯಿತು.

ಇನ್ನು ಕೆಲವು ಕೆಲಸಗಳು ಯಾವ ಸಿದ್ಧ ಪಟ್ಟಿಯಲ್ಲೂ ಕೂರುವುದಿಲ್ಲ. ಸಿಂಗಾಪುರದ ಬಿಶಾನ್–ಆಂಗ್ ಮೊ ಕಿಯೊ ಪಾರ್ಕ್‌ನಲ್ಲಿ 2.7 ಕಿಲೋಮೀಟರ್ ಉದ್ದದ ಕಾಂಕ್ರೀಟ್ ಕಾಲುವೆಯನ್ನು ಒಡೆದು, 3.2 ಕಿಲೋಮೀಟರ್ ಬಳುಕುವ ಹೊಳೆಯಾಗಿ ಮಾಡಿದರು. ಪಾರ್ಕ್ 2012ರಲ್ಲಿ ತೆರೆಯಿತು. ಗಿಡಗಳಿಂದಲೇ ದಂಡೆ ಕಟ್ಟುವ ಆ ವಿಧಾನ ಅಲ್ಲಿಗೆ ಹೊಸದು. ಅದಕ್ಕೇ ಮೊದಲು ಒಂದು ಚಿಕ್ಕ ಪಕ್ಕದ ಕಾಲುವೆಯಲ್ಲಿ ಬೇರೆ ಬೇರೆ ವಿಧಾನ ಮಾಡಿ ನೋಡಿ, ಯಾವುದು ನಿಲ್ಲುತ್ತದೆ ಎಂದು ತಿಳಿದುಕೊಂಡರು. ಹೊಸ ಬಗೆಯ ಕೆಲಸಕ್ಕೆ ಇದು ಒಳ್ಳೆಯ ದಾರಿ. ತಾನೇ ಅರಿಯದ್ದನ್ನು ಟೆಂಡರ್‌ನಲ್ಲಿ ಬರೆದು, ಆಮೇಲೆ ಗುತ್ತಿಗೆದಾರನ ಜತೆ ಜಗಳ ಆಡುವುದು ತಪ್ಪುತ್ತದೆ.

ಸಮಯ ಕೊಡುವುದೂ ಆಯ್ಕೆಯ ಭಾಗ. ಯುರೋಪಿಯನ್ ಒಕ್ಕೂಟದ 2014ರ ನಿಯಮದಲ್ಲಿ ದೊಡ್ಡ ಮೊತ್ತದ ಬಹಿರಂಗ ಟೆಂಡರ್‌ಗೆ ಕನಿಷ್ಠ 35 ದಿನ ಕೊಡಬೇಕು. ಬಿಡ್ ಆನ್‌ಲೈನ್‌ನಲ್ಲಿ ಬಂದರೆ 30. ಹತ್ತೇ ದಿನ ಕೊಟ್ಟರೆ ಮೊದಲೇ ಸುಳಿವು ಇದ್ದವರು ಮಾತ್ರ ತಯಾರಾಗುತ್ತಾರೆ. ಈ ನಡುವೆ ಬಿಡ್ ಹಾಕುವವರನ್ನೆಲ್ಲ ಕರೆದು ಪ್ರೀ-ಬಿಡ್ ಸಭೆ ಮಾಡುತ್ತಾರೆ. ಅಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಲಿಖಿತವಾಗಿ ಎಲ್ಲರಿಗೂ ಹೋಗಬೇಕು.

ಕೊನೆಗೆ ಠೇವಣಿ ಮತ್ತು ಖಾತರಿ. ಬಿಡ್ ಜತೆ ಇಡುವ ಠೇವಣಿ, ಗೆದ್ದ ಮೇಲೆ ಹಿಂದೆ ಸರಿಯದಂತೆ ತಡೆಯುತ್ತದೆ. ಕೆಲಸ ಅರ್ಧಕ್ಕೆ ಬಿಟ್ಟರೆ ನಗರವನ್ನು ಕಾಯುವ ಖಾತರಿ ಇನ್ನೊಂದು. ಅಮೆರಿಕದ 1935ರ ಮಿಲ್ಲರ್ ಕಾಯ್ದೆ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಇದರ ಜತೆ ಮೂರನೆಯದನ್ನೂ ಕಡ್ಡಾಯ ಮಾಡಿತು. ಕೂಲಿಕಾರರಿಗೆ, ಸಾಮಾನು ಒದಗಿಸಿದವರಿಗೆ ದುಡ್ಡು ಸಿಗುವ ಖಾತರಿ ಅದು. ಪಾರ್ಕ್‌ನ ಮಟ್ಟಿಗೆ ಇದು ಬಹಳ ಮುಖ್ಯ. ಗಿಡ ಕೊಟ್ಟ ನರ್ಸರಿಗೆ ಬಾಕಿ ಉಳಿಸಿದರೆ ಬದಲಿ ಗಿಡ ಎಲ್ಲಿಂದ ಬರುತ್ತದೆ?

ಎರಡು ಲಕೋಟೆ, ಒಂದು ಲೆಕ್ಕ

ಬಿಡ್ ಸಾಮಾನ್ಯವಾಗಿ ಎರಡು ಲಕೋಟೆಯಲ್ಲಿ ಬರುತ್ತದೆ. ಒಂದು ತಾಂತ್ರಿಕ, ಇನ್ನೊಂದು ಹಣಕಾಸಿನದು. ತಾಂತ್ರಿಕ ಬಿಡ್ ಪಾಸಾದವರದ್ದು ಮಾತ್ರ ಎರಡನೇ ಲಕೋಟೆ ತೆರೆಯುತ್ತಾರೆ. ಬೆಲೆ ಗೊತ್ತಾದರೆ ಗುಣಮಟ್ಟದ ಅಂಕ ಆ ಕಡೆ ವಾಲುತ್ತದೆ. ಅದಕ್ಕೇ ಈ ಕಟ್ಟಳೆ.

ಆಮೇಲೆ ಎರಡು ದಾರಿ. ಪಾಸಾದವರಲ್ಲಿ ಅತಿ ಕಡಿಮೆ ದರದವರಿಗೆ, ಅಂದರೆ ಎಲ್-1ಗೆ ಕೊಡುವುದು ಒಂದು. ಗುಣಮಟ್ಟ ಮತ್ತು ಬೆಲೆ ಎರಡಕ್ಕೂ ಅಂಕ ಹಾಕಿ ಕೂಡುವುದು ಇನ್ನೊಂದು. ಎರಡನೆಯದನ್ನು ಒಂದು ಲೆಕ್ಕದಲ್ಲಿ ನೋಡೋಣ. ಮೂವರು 100, 110, 125 ಎಂದು ದರ ಹಾಕಿದ್ದಾರೆ. ಗುಣಮಟ್ಟದಲ್ಲಿ ಅವರಿಗೆ ನೂರಕ್ಕೆ 60, 85, 90 ಬಂದಿದೆ. ಬೆಲೆಯ ಅಂಕಕ್ಕೆ ಅತಿ ಕಡಿಮೆ ದರವನ್ನು ಅವರವರ ದರದಿಂದ ಭಾಗಿಸುತ್ತಾರೆ.

ಬೆಲೆಗೆ 80, ಗುಣಮಟ್ಟಕ್ಕೆ 20 ಇಟ್ಟರೆ ಮೊದಲನೆಯವರಿಗೆ 92, ಎರಡನೆಯವರಿಗೆ 89.7, ಮೂರನೆಯವರಿಗೆ 82. ಗೆಲ್ಲುವುದು ಮೊದಲನೆಯವರು. ಬೆಲೆಗೆ 60, ಗುಣಮಟ್ಟಕ್ಕೆ 40 ಇಟ್ಟರೆ 84, 88.5, 84. ಈಗ ಎರಡನೆಯವರು. ಅದೇ ಜನ, ಅದೇ ಬಿಡ್. ಬದಲಾದದ್ದು ದಾಖಲೆಯಲ್ಲಿ ಬರೆದ ಎರಡು ಸಂಖ್ಯೆ ಮಾತ್ರ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಗುಣಮಟ್ಟಕ್ಕೆ 40 ಅಂಕ ಎಂದು ಬರೆದು, ಸಮಿತಿ ಎಲ್ಲರಿಗೂ 32, 33, 34 ಎಂದು ಹಂಚಿದರೆ ಆ 40 ಸುಮ್ನೆ ಕಾಗದದ ಮೇಲೆ ಉಳಿಯುತ್ತದೆ. ಆಯ್ಕೆ ಮಾಡುವುದು ಬೆಲೆಯೇ. ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಬರೆದಿಟ್ಟರೆ ಮಾತ್ರ ಸಮಿತಿಗೆ ವ್ಯತ್ಯಾಸ ತೋರಿಸುವ ಧೈರ್ಯ ಇರುತ್ತದೆ. ಆಗ ಸೋತವರಿಗೆ ಕಾರಣ ಹೇಳಲೂ ಆಗುತ್ತದೆ. ಬ್ರಿಟನ್‌ನಲ್ಲಿ 2025ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ‘ಆರ್ಥಿಕವಾಗಿ ಅತ್ಯಂತ ಅನುಕೂಲದ ಬಿಡ್’ ಎಂಬ ಹಳೆಯ ಮಾತಿನಿಂದ ‘ಆರ್ಥಿಕವಾಗಿ’ ಎಂಬ ಪದವನ್ನೇ ಕೈಬಿಟ್ಟಿತು. ಬೆಲೆಯೊಂದೇ ಅಲ್ಲ ಎಂದು ಅಧಿಕಾರಿಗಳಿಗೆ ಸ್ಪಷ್ಟವಾಗಿ ಹೇಳುವ ಹೆಜ್ಜೆ ಅದು.

ಕಡಿಮೆ ದರ ಯಾವಾಗ ದುಬಾರಿ

ಕಡಿಮೆ ದರವನ್ನು ಕಂಡು ಹೆದರಬೇಕಾಗಿಲ್ಲ. ಒಳ್ಳೆಯ ಯಂತ್ರ, ಹತ್ತಿರದ ನರ್ಸರಿ, ಚುರುಕಾದ ತಂಡ ಇದ್ದವರು ನಿಜವಾಗಿಯೂ ಕಡಿಮೆಗೆ ಮಾಡಬಲ್ಲರು. ಆದರೆ ಹರಾಜಿನ ಸ್ವಭಾವದಲ್ಲೇ ಒಂದು ತೊಡಕು ಇದೆ. ಎಲ್ಲರೂ ಖರ್ಚನ್ನು ಅಂದಾಜು ಮಾಡುತ್ತಾರೆ. ಯಾರ ಅಂದಾಜು ಎಲ್ಲರಿಗಿಂತ ಕೆಳಗೆ ತಪ್ಪಿತೋ ಅವರೇ ಗೆಲ್ಲುವ ಸಾಧ್ಯತೆ ಜಾಸ್ತಿ. 1971ರಲ್ಲಿ ಮೂವರು ಎಂಜಿನಿಯರುಗಳು ತೈಲ ನಿಕ್ಷೇಪದ ಹರಾಜುಗಳಲ್ಲಿ ಇಂಥದ್ದೇ ಲೆಕ್ಕವನ್ನು ತೋರಿಸಿಕೊಟ್ಟರು. ಅರ್ಥಶಾಸ್ತ್ರದಲ್ಲಿ ಇದಕ್ಕೆ ‘ಗೆದ್ದವನ ಶಾಪ’ ಎಂದೇ ಹೆಸರು. ಹಾಗೆ ಗೆದ್ದವನು ನಷ್ಟ ತುಂಬಿಕೊಳ್ಳಲು ಕೈ ಹಾಕುವುದು ಕಣ್ಣಿಗೆ ಕಾಣದ ಕಡೆ: ಮಣ್ಣಿನ ಗುಣ, ಗಿಡದ ಗಾತ್ರ, ನೀರು ಹಾಕುವ ಆಳು.

ಹಾಗಂತ ಕಡಿಮೆ ಬಿಡ್ಡನ್ನು ಕುರುಡಾಗಿ ತೆಗೆದುಹಾಕಿದರೂ ಕೆಡುತ್ತದೆ. ಇಟಲಿಯಲ್ಲಿ ಬಹಳ ವರ್ಷ ಸರಾಸರಿಯ ಪದ್ಧತಿ ಬಳಕೆಯಲ್ಲಿತ್ತು. ಬಂದ ಬಿಡ್‌ಗಳ ಸರಾಸರಿ ತೆಗೆದು, ತೀರಾ ಕೆಳಗಿನವುಗಳನ್ನು ತಾನಾಗಿಯೇ ಬಿಡುವುದು. ಒಬ್ಬರಿಗೊಬ್ಬರು ಗೊತ್ತಿದ್ದ ಕಂಪನಿಗಳು ಒಟ್ಟಾಗಿ ಹಲವು ಬಿಡ್ ಹಾಕಿ, ಸರಾಸರಿಯನ್ನೇ ತಮಗೆ ಬೇಕಾದ ಕಡೆ ಎಳೆಯತೊಡಗಿದವು. ಯುರೋಪಿಯನ್ ಒಕ್ಕೂಟದ 2014ರ ನಿಯಮ ಹೆಚ್ಚು ವಿವೇಕದ್ದು ಎನಿಸುತ್ತದೆ. ದರ ಅಸಹಜವಾಗಿ ಕಡಿಮೆ ಎನಿಸಿದರೆ ವಿವರಣೆ ಕೇಳಬೇಕು. ಲೆಕ್ಕ ಕೂಡಿಬಂದರೆ ಒಪ್ಪಬೇಕು, ಇಲ್ಲದಿದ್ದರೆ ತಿರಸ್ಕರಿಸಬಹುದು.

ಒಟ್ಟು ಮೊತ್ತ ಸರಿಯಾಗಿದ್ದೂ ಒಳಗಿನ ದರ ವಂಚಿಸಬಹುದು. ಪಟ್ಟಿಯಲ್ಲಿ 1,000 ಘನ ಮೀಟರ್ ಮಣ್ಣು ಅಗೆತ, 1,000 ಚದರ ಮೀಟರ್ ಕಲ್ಲುಹಾಸು ಇದೆ ಎಂದುಕೊಳ್ಳಿ. ಒಬ್ಬರು ಅಗೆತಕ್ಕೆ 10, ಕಲ್ಲುಹಾಸಿಗೆ 50 ಹಾಕಿದರು. ಒಟ್ಟು 60,000. ಇನ್ನೊಬ್ಬರು ಅಗೆತಕ್ಕೆ 25, ಕಲ್ಲುಹಾಸಿಗೆ 34. ಒಟ್ಟು 59,000. ಎರಡನೆಯವರೇ ಕಡಿಮೆ, ಅವರಿಗೇ ಕೆಲಸ. ಆದರೆ ಅವರು ಜಾಗ ನೋಡಿ ಬಂದಿದ್ದರು. ಅಗೆತ 1,000ಕ್ಕೆ ಮುಗಿಯುವುದಿಲ್ಲ, 2,000 ಆಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೊನೆಯ ಬಿಲ್ಲು 84,000. ಮೊದಲನೆಯವರಿಗೆ ಕೊಟ್ಟಿದ್ದರೆ 70,000ದಲ್ಲಿ ಮುಗಿಯುತ್ತಿತ್ತು. ಇಲ್ಲಿ ಕಳ್ಳತನ ನಡೆದಿಲ್ಲ. ಅಳತೆ ಸರಿಯಾಗಿ ಮಾಡದೆ ಪಟ್ಟಿ ಬರೆದ ನಗರಾಡಳಿತದ ತಪ್ಪನ್ನು ಒಬ್ಬರು ಓದಿಕೊಂಡರು. ಅದಕ್ಕೇ ಪ್ರತಿ ಸಾಲಿನ ದರವನ್ನೂ ತಮ್ಮ ಅಂದಾಜಿನ ಜತೆ ಹೋಲಿಸಿ ನೋಡಬೇಕು.

ನಿಜವಾದ ಕಳ್ಳಾಟ ಬೇರೆ. ಬಿಡ್ ಹಾಕುವವರು ಮೊದಲೇ ಮಾತಾಡಿಕೊಂಡು ಈ ಸಲ ನೀನು, ಮುಂದಿನ ಸಲ ನಾನು ಎಂದು ಹಂಚಿಕೊಳ್ಳುವುದು. ಉಳಿದವರು ಗೆಲ್ಲದಷ್ಟು ದೊಡ್ಡ ದರ ಬರೆದು ಸ್ಪರ್ಧೆಯ ವೇಷ ಕಟ್ಟುತ್ತಾರೆ. ಬ್ರಿಟನ್‌ನಲ್ಲಿ 2009ರಲ್ಲಿ ಹೀಗೆ ಮಾಡಿದ 103 ನಿರ್ಮಾಣ ಕಂಪನಿಗಳಿಗೆ ಒಟ್ಟು ಸುಮಾರು 13 ಕೋಟಿ ಪೌಂಡ್ ದಂಡ ಬಿತ್ತು. ಎರಡು ಬಿಡ್‌ಗಳಲ್ಲಿ ಒಂದೇ ಕಾಗುಣಿತದ ತಪ್ಪು, ಒಂದೇ ಕೂಡುವ ತಪ್ಪು, ಸೋತವನೇ ಆಮೇಲೆ ಉಪಗುತ್ತಿಗೆದಾರನಾಗಿ ಬರುವುದು, ಇವೆಲ್ಲ ಇದರ ಗುರುತು. ದಾಖಲೆಗಳು ಎಲ್ಲರಿಗೂ ಸಿಕ್ಕರೆ ಇಂಥದ್ದನ್ನು ಹೊರಗಿನವರೂ ಹಿಡಿಯಬಹುದು. ಯುಕ್ರೇನ್ 2016ರಿಂದ ಪ್ರೊಝೊರೊ ಎಂಬ ಆನ್‌ಲೈನ್ ವ್ಯವಸ್ಥೆಯನ್ನು ಕಡ್ಡಾಯ ಮಾಡಿದೆ. ಹರಾಜು ಮುಗಿದ ಮೇಲೆ ಯಾರು ಎಷ್ಟು ಹಾಕಿದ್ದರು ಎಂಬುದನ್ನು ಜನರೇ ನೋಡಬಹುದು.

ಕೆಲಸ ಕೊಟ್ಟ ಮೇಲೆ

ಗೆದ್ದವರ ಹೆಸರು ಹೇಳಿದ ಕೂಡಲೇ ಸಹಿ ಹಾಕುವಂತಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ದೊಡ್ಡ ಗುತ್ತಿಗೆಗೆ ಕನಿಷ್ಠ 10 ದಿನ ಕಾಯಬೇಕು. ಸೋತವರು ತಕರಾರು ಎತ್ತಲು ಸಿಗುವ ಅವಕಾಶ ಅದು. ಸಹಿಯಾದ ಮೇಲೆ ತಕರಾರು ಹೂಡಿದರೆ ಪ್ರಯೋಜನ ಕಡಿಮೆ.

ಸಹಿಯ ನಂತರದ ದೊಡ್ಡ ಅಪಾಯ ಎಂದರೆ ಬದಲಾವಣೆಗಳು. ಶಿಕಾಗೊದ ಮಿಲೇನಿಯಂ ಪಾರ್ಕ್ 2000ದಲ್ಲಿ ಮುಗಿಯಬೇಕಿತ್ತು, ತೆರೆದದ್ದು 2004ರಲ್ಲಿ. 1998ರಲ್ಲಿ ಹೇಳಿದ ಖರ್ಚು 15 ಕೋಟಿ ಡಾಲರ್, ಕೊನೆಗೆ ಆದದ್ದು ಸುಮಾರು 47.5 ಕೋಟಿ. ನಕ್ಷೆ ಪೂರ್ತಿಯಾಗುವ ಮುಂಚೆಯೇ ಕೆಲಸ ಶುರುವಾಗಿತ್ತು, ನಡುವೆ ಯೋಜನೆಯೂ ಹಿಗ್ಗುತ್ತಾ ಹೋಯಿತು. ಹೆಚ್ಚಿನ ದುಡ್ಡಿನಲ್ಲಿ ದೊಡ್ಡ ಪಾಲು ದಾನಿಗಳಿಂದ ಬಂತು, ಪಾರ್ಕ್ ಜನಕ್ಕೆ ಮೆಚ್ಚುಗೆಯೂ ಆಯಿತು. ಎಲ್ಲ ನಗರಕ್ಕೂ ಅಂಥ ದಾನಿಗಳು ಸಿಗುವುದಿಲ್ಲ. ಕೆಲಸ ಶುರುವಾದ ಮೇಲೆ ಬರುವ ಪ್ರತಿ ಬದಲಾವಣೆಗೂ ದರ ಹೇಳುವವನು ಒಬ್ಬನೇ. ಅಲ್ಲಿ ಪೈಪೋಟಿಯೇ ಇರುವುದಿಲ್ಲ.

ಬಿಲ್ಲಿನ ಒಂದು ಭಾಗವನ್ನು ನಗರ ಹಿಡಿದಿಟ್ಟುಕೊಂಡು, ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಕೊಡುತ್ತದೆ. ಕಟ್ಟಡಕ್ಕೆ ಒಂದು ವರ್ಷ ಸಾಕಾಗಬಹುದು. ಗಿಡಕ್ಕೆ ಸಾಲದು. ಆಳಕ್ಕೆ ನೆಟ್ಟ ಗಿಡ ಮೊದಲ ವರ್ಷ ಹಸಿರಾಗಿಯೇ ಇರುತ್ತದೆ, ಸೊರಗುವುದು ಆಮೇಲೆ. ಎರಡು ವರ್ಷ, ಸಾಧ್ಯವಾದರೆ ಮೂರು ವರ್ಷ ನೋಡಿಕೊಳ್ಳುವ ಹೊಣೆಯನ್ನು ಅದೇ ಗುತ್ತಿಗೆಯಲ್ಲಿ ಸೇರಿಸಿ ಅದಕ್ಕೆ ಬೇರೆಯೇ ದರ ಕೊಡಬೇಕು. ಬಿಟ್ಟಿ ಮಾಡಿಸಿದರೆ ಬಿಟ್ಟಿ ಕೆಲಸವೇ ಸಿಗುತ್ತದೆ.

ಆ ಅವಧಿಯ ಕೊನೆಯ ದಿನ ನಗರದ ಕಡೆಯವರು ಮತ್ತು ಗುತ್ತಿಗೆದಾರ ಜತೆಯಾಗಿ ಪಾರ್ಕ್ ಸುತ್ತಬೇಕು. ಕೈಯಲ್ಲಿ ನೆಟ್ಟ ದಿನದ ಪಟ್ಟಿ ಇರಬೇಕು. ಒಂದೊಂದೇ ಗಿಡದ ಹತ್ತಿರ ನಿಂತು, ಬುಡದ ಉಬ್ಬು ನೋಡಿ, ಹಗ್ಗ ಬಿಚ್ಚಿದೆಯೇ ನೋಡಿ, ಬದುಕಿದ್ದನ್ನು ಎಣಿಸಬೇಕು. ನೆಟ್ಟದ್ದು ಎಷ್ಟು, ಉಳಿದದ್ದು ಎಷ್ಟು ಎಂಬ ಎರಡು ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಮುಂದಿನ ಪಾರ್ಕ್‌ಗೆ ಅದೇ ಗುತ್ತಿಗೆದಾರ ಬಿಡ್ ಹಾಕಿದಾಗ ಸಮಿತಿ ಮೊದಲು ತೆಗೆದು ನೋಡಬೇಕಾದ್ದು ಆ ಹಾಳೆಯನ್ನೇ.